ಲೂರ್ಡ್ಸ್ ಮುಟ್ಟದ ದೋಣಿ

ದುಖಾನಿನಿಂದ ದೋಹಾಕ್ಕೆ ಬರುವ ಮರಳುಗಾಡಿನ ದಾರಿಯುದ್ದಕ್ಕೂ ಸ್ಟೆಲ್ಲಾ ಕಾರಿನಲ್ಲಿ ಮುಖ ಊದಿಸಿಕೊಂಡೇ ಕೂತಿದ್ದಳು. ಮಡಿಲಲ್ಲಿ ಗೆಳತಿ ಮ್ಯಾಗ್ಡಲಿನ್ ಕೊಟ್ಟಿದ್ದ ಬಾಟಲಿ. ಫ್ರಾನ್ಸಿನ ಲೂರ್ಡ್ಸ್ ಕ್ಷೇತ್ರದಿಂದ ಮಾತೆಯ ತೀರ್ಥ ತುಂಬಿಸಿ ತಾ ಎಂದು ಖಾಲಿ ಕೊಟ್ಟದ್ದು. ಈಗ ತುಂಬಿತ್ತು, ದುಖಾನಿನ ತಮ್ಮದೇ ಅಡುಗೆಮನೆಯ ನಲ್ಲಿಯಿಂದ.

"ತಲೆಬಿಸಿ ಎಂತಕ್ಕೆ ಮಾರಾಯ್ತಿ?" ಎಂದ ಗಂಡ ಲ್ಯಾನ್ಸ್‌ಲಾಟ್. "ಇಲ್ಲಿ ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡಿ ನಲ್ಲಿಗೆ ಬಿಡ್ತಾರೆ. ಇದಕ್ಕಿಂತ ದೊಡ್ಡ ಪವಾಡ ಎಲ್ಲುಂಟು?"

ಎಲ್ಲ ಇವನದೇ ಕಿತಾಪತಿ. ಫ್ರಾನ್ಸಿನ ಕಾಲುವೆಯಲ್ಲಿ, ದೋಣಿಯಲ್ಲೇ ಉಂಡು ಮಲಗಿ, ಊರೂರಿನ ವೈನ್ ರುಚಿ ನೋಡುತ್ತ ತೇಲುವ ರಜೆ ಬೇಕೆಂದು ಹಟ ಹಿಡಿದವನು ಇವನು. ಬರೀ ತಿಂದು ಕುಡಿಯಲು ಅಷ್ಟು ದೂರ ಹೋಗುತ್ತೇವೆಂದು ಹೇಳಲು ಸ್ಟೆಲ್ಲಾಗೆ ನಾಚಿಕೆ. ವಾರದ ರಜೆಯಾದ ಶುಕ್ರವಾರ ಪಾದ್ರಿಗಳ ಬಲಿಪೂಜೆ ಮುಗಿಸಿ ಬಂದವರಿಗೆಲ್ಲ ಲೂರ್ಡ್ಸ್ ಯಾತ್ರೆ ಎಂದಳು. ಕೊನೆಗೆ ಅಲ್ಲಿಗೂ ಹೋಗಿಬರುವ ಇರಾದೆ ಇತ್ತೆನ್ನಿ. ಆದರೆ ಆ ದೋಣಿಯೋ! ದಂಡೆಯ ಮೇಲೆ ನಡೆಯುವ ಮುದುಕಿಯರೂ ಅದನ್ನು ಹಿಂದೆ ಹಾಕುತ್ತಿದ್ದರು. ವೈನ್ ಮಾರುವ ಊರು ಕಂಡಲ್ಲೆಲ್ಲ ಲ್ಯಾನ್ಸ್‌ಲಾಟ್ ದೋಣಿಯ ಹಗ್ಗ ದಡಕ್ಕೆ ಕಟ್ಟುತ್ತಿದ್ದ. ಸುಳ್ಳೇಕೆ, ಸ್ಟೆಲ್ಲಾಗೂ ಏಳಲು ಮನಸ್ಸಿರಲಿಲ್ಲ. ಬಿಸಿ ಬ್ರೆಡ್ಡು, ಮೇಕೆ ಹಾಲಿನ ಚೀಸು, ತಣ್ಣಗಿನ ಬಿಳಿ ವೈನು. ಮದುವೆಯಾದ ಮೇಲೆ ಅಷ್ಟು ಸುಖವಾಗಿ ಅವಳು ಎಂದೂ ಕಾಲು ಚಾಚಿರಲಿಲ್ಲ. ರಜೆ ಮುಗಿಯಿತು, ಲೂರ್ಡ್ಸ್ ಇದ್ದಲ್ಲೇ ಇತ್ತು.

ಅಷ್ಟೇ ಆಗಿದ್ದರೆ ಸರಿ. ತನ್ನ ಗಂಡ ಹ್ಯೂಬರ್ಟ್ ಕುಡಿತ ಬಿಡಲಿ ಎಂದು ಮಾತೆಯ ಮುಂದೆ ಮೊಂಬತ್ತಿ ಹಚ್ಚಲು ಮ್ಯಾಗ್ಡಲಿನ್ ಬೇಡಿಕೊಂಡಿದ್ದಳು. ಫೋನಿನಲ್ಲಿ "ಹಚ್ಚಿದೆಯಾ?" ಎಂದಾಗ, ಗ್ಲಾಸು ಕೈಯಲ್ಲಿ ಹಿಡಿದೇ ಸ್ಟೆಲ್ಲಾ "ಹಚ್ಚಿದೆ" ಎಂದುಬಿಟ್ಟಳು. ಆವತ್ತಿನಿಂದ ಹ್ಯೂಬರ್ಟ್ ಒಂದು ತೊಟ್ಟೂ ಮುಟ್ಟಿಲ್ಲವಂತೆ! ಈಗ ನಿಜ ಹೇಳಿ ಅವನು ಮತ್ತೆ ಶುರುಮಾಡಿದರೆ? ಹೇಳದಿದ್ದರೆ ಗೆಳತಿಯ ಮುಖ ನೋಡುವುದು ಹೇಗೆ?

ಏಷ್ಯನ್ ಗೇಮ್ಸಿಗೆಂದು ಅಗೆದ ರಸ್ತೆಗಳನ್ನೆಲ್ಲ ಸುತ್ತಿ ದೋಹಾ ಅಲ್ ಜದೀದಾ ಬಡಾವಣೆಯ ಮ್ಯಾಗ್ಡಲಿನ್‌ಳ ಫ್ಲ್ಯಾಟು ಮುಟ್ಟಿದಾಗ ನೀರುದೋಸೆ, ಕೋಳಿ ಸುಕ್ಕ ತಯಾರಿತ್ತು. ಹ್ಯೂಬರ್ಟ್ ಲಿಂಬೆ ಶರಬತ್ತು ಹಿಡಿದು, ಕಷಾಯ ಕುಡಿಯುವವನ ಮುಖ ಮಾಡಿಕೊಂಡು ಕೂತಿದ್ದ. ಮ್ಯಾಗ್ಡಲಿನ್ ಬಾಟಲಿಯನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಲಾರದೆ ಸ್ಟೆಲ್ಲಾ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಮ್ಯಾಗ್ಡಿ, ಅದು ನಲ್ಲಿ ನೀರು. ನಾವು ಲೂರ್ಡ್ಸ್‌ಗೆ ಹೋಗ್ಲೇ ಇಲ್ಲ. ಮೊಂಬತ್ತಿನೂ ಇಲ್ಲ, ಎಂತದೂ ಇಲ್ಲ. ದೋಣಿಯಲ್ಲಿ ಕೂತು ಕುಡಿದದ್ದೇ."

ಮ್ಯಾಗ್ಡಲಿನ್ ಅತ್ತುಬಿಡುತ್ತಾಳೆ ಅಂದುಕೊಂಡರೆ, ಹಿಟ್ಟು ಮೆತ್ತಿದ ಕೈಯಲ್ಲೇ ಸ್ಟೆಲ್ಲಾಳ ಬಾಯಿ ಮುಚ್ಚಿದಳು.

"ಸುಮ್ನಿರು! ಇವರಿಗೆ ಕೇಳ್ತದೆ. ಮಾತೆಯ ಹತ್ರ ನಾನು ಮಾತಾಡಿಕೊಳ್ತೇನೆ. ಇವರಿಗೆ ಮಾತ್ರ ಹೇಳ್ಬೇಡ, ಭಾಷೆ ಕೊಡು." ಸ್ಟೆಲ್ಲಾ ತಲೆಯಾಡಿಸಿದಳು. ಮ್ಯಾಗ್ಡಲಿನ್ ಸೀದಾ ಹೋಗಿ ಶಿಲುಬೆಯ ಗುರುತು ಹಾಕಿ, ಗಂಡನ ನೆತ್ತಿಗೆ ಅರ್ಧ ಬಾಟಲಿ ಸುರಿದಳು. ಹ್ಯೂಬರ್ಟ್ ಕಣ್ಣು ಮುಚ್ಚಿ, ಕೈಮುಗಿದು, ತೊಯ್ದ.

ಊಟ ಮುಗಿಸಿ ಹೊರಟಾಗ ಲ್ಯಾನ್ಸ್‌ಲಾಟ್ ಕಾರು ತರಲು ಇಳಿದ. ಚಪ್ಪಲಿ ಹಾಕುತ್ತಿದ್ದ ಸ್ಟೆಲ್ಲಾಳ ಹತ್ತಿರ ಹ್ಯೂಬರ್ಟ್ ಬಂದು ದನಿ ತಗ್ಗಿಸಿದ.

"ಸ್ಟೆಲ್ಲಾಬಾಯಿ, ನೀವು ಮೊಂಬತ್ತಿ ಹಚ್ಚಿದ ಸಂಜೆ ಲ್ಯಾನ್ಸಿ ದೋಣಿಯಿಂದ ನನಗೆ ಫೋನ್ ಮಾಡಿದ್ದ. ಪೂರಾ ಟೈಟು. ನನಗೆ ಎಲ್ಲ ಗೊತ್ತುಂಟು."

ಸ್ಟೆಲ್ಲಾ ಒಂದೇ ಚಪ್ಪಲಿಯಲ್ಲಿ ನೆಟ್ಟಗೆ ನಿಂತಳು. "ಹಾಗಾದ್ರೆ ಕುಡಿಯುವುದು ಬಿಟ್ಟದ್ದು ಎಂತಕ್ಕೆ?"

"ಆವತ್ತು ನಿಮ್ಮ ಫೋನ್ ಇಟ್ಟ ಮೇಲೆ ಇವಳು ಅಡುಗೆ ಮಾಡ್ತಾ ಹಾಡ್ತಾ ಇದ್ಳು. ವರ್ಷಗಟ್ಟಲೆ ಕೇಳಿರ್ಲಿಲ್ಲ ನಾನು. ನಾನು ಗ್ಲಾಸು ಹಿಡಿದ್ರೆ ಹಾಡು ನಿಲ್ಲಿಸಿಬಿಡ್ತಾಳೆ ಅಂತ ಹೆದರಿಕೆ ಆಯ್ತು." ಅವನ ಕೂದಲಿನ್ನೂ ಒದ್ದೆಯಾಗಿತ್ತು. "ಅವಳಿಗೆ ಮಾತ್ರ ಹೇಳ್ಬೇಡಿ. ಭಾಷೆ ಕೊಡಿ."

ಸ್ಟೆಲ್ಲಾ ಇನ್ನೊಂದು ಚಪ್ಪಲಿಗೂ ಕಾಲು ತೂರಿಸಿದಳು. ಊಟಕ್ಕೆ ಮುಂಚೆ ಅವನ ಹೆಂಡತಿಗೆ ಕೊಟ್ಟ ಭಾಷೆಯನ್ನೇ ಈಗ ಅವನಿಗೂ ಕೊಟ್ಟಳು.