ಶಿವಗಂಗಮ್ಮನವರ ಮೋಟಾರಿಗೆ ಮಣ್ಣು

ಶಿವಗಂಗಮ್ಮನವರು ಬೀದಿಯಲ್ಲಿ ನಡೆದು ಬರುತ್ತಿದ್ದರೆ ಎದುರಿಗೆ ಬರುವವರು ತಾವಾಗಿಯೇ ಅಂಚಿಗೆ ಸರಿದು ನಿಲ್ಲುತ್ತಿದ್ದರು. ಆ ಹೆಂಗಸು ದಾರಿ ಬಿಡುವವರಲ್ಲ ಎಂಬುದು ಹೊಳಲ್ಕೆರೆಯ ಎತ್ತು ಎಮ್ಮೆಗಳಿಗೂ ತಿಳಿದಿದ್ದ ವಿಷಯ. ಕುಳ್ಳನೆಯ ಆಳು, ಅಗಲವಾದ ಹೆಜ್ಜೆ, ಹಣೆಯ ತುಂಬ ವಿಭೂತಿ, ನೂಲಿನ ಸೀರೆಯ ಮೇಲೆ ತೀರಿಹೋದ ಯಜಮಾನರ ಕರಿಯ ಉಣ್ಣೆಯ ಕೋಟು. ಆ ಕೋಟಿನ ತೋಳು ಅವರ ಬೆರಳುಗಳನ್ನೂ ಮೀರಿ ಜೋತುಬೀಳುತ್ತಿತ್ತು, ಕತ್ತರಿಸಿ ಹೊಲಿಸಿಕೊಳ್ಳಬಾರದೆ ಎಂದು ಯಾರಾದರೂ ಕೇಳಿದರೆ, "ಕೋಟು ಅವರ್ದು, ನಾನ್ಯಾಕೆ ಕತ್ತರಿಸ್ಲಿ?" ಎಂದು ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಬಲಗಡೆಯ ಜೇಬಿನಲ್ಲಿ ವಿಭೂತಿಯ ಗಟ್ಟಿ, ಎಡಗಡೆಯ ಜೇಬಿನಲ್ಲಿ ಒಂದು ಸ್ಪಾನರು. ಬೇಸಗೆಯಲ್ಲಿ ಚಿತ್ರದುರ್ಗದ ಬಂಡೆಗಳು ಕಾದ ಹಂಚಿನಂತೆ ಉರಿಯುವಾಗಲೂ ಆ ಕೋಟು ಮೈಯಿಂದ ಇಳಿದದ್ದನ್ನು ನಾನು ಕಂಡಿಲ್ಲ.

ಯಜಮಾನರು ಪರಮೇಶ್ವರಪ್ಪನವರು. ಹತ್ತಿಯ ವ್ಯಾಪಾರದಲ್ಲಿ ಬಂದದ್ದನ್ನೆಲ್ಲ ಸುರಿದು, ಬಂಧುಗಳ ಬುದ್ಧಿವಾದವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಮದರಾಸಿನಿಂದ ಒಂದು ಮೋಟಾರು ಬಸ್ಸನ್ನು ತರಿಸಿ, ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಓಡಿಸತೊಡಗಿದ ಪುಣ್ಯಾತ್ಮರು. ವರ್ಷ ತುಂಬುವುದರೊಳಗೆ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಅವರ ತಮ್ಮ ಏಕಾಂತಪ್ಪನವರು ಭರಮಸಾಗರದಿಂದ ಬಂದು, ಅತ್ತಿಗೆಯ ಊಟ ಬಟ್ಟೆ ತಮ್ಮ ಪಾಲಿಗಿರಲಿ, ಮೋಟಾರನ್ನು ಮಾರಿಬಿಡೋಣ ಎಂದು ಹಿರಿಯರ ಮುಂದೆ ಹೇಳಿದರು. ಶಿವಗಂಗಮ್ಮ ನಡುಮನೆಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿದರು. ಮಾರನೆಯ ಬೆಳಗ್ಗೆ ಗೂಟದ ಮೇಲಿದ್ದ ಕೋಟನ್ನು ತೊಟ್ಟು ಬೀದಿಗೆ ಬಂದು, ಡ್ರೈವರ್ ದಾವೂದ್ ಸಾಬರ ಪಕ್ಕದ ಸೀಟನ್ನು ಹತ್ತಿ ಕುಳಿತು, "ನಡೀರಿ ಸಾಬ್ರೆ, ನೋಡೇ ಬಿಡಾಣ" ಎಂದರು.

ಅಂದಿನಿಂದ ಆ ಸೀಟೂ ಅವರದಾಯಿತು, ಆ ಮಾತೂ ಅವರದಾಯಿತು. ಮಳೆ ಬರುವ ಹಾಗಿದೆ ಎಂದರೂ ನೋಡೇ ಬಿಡಾಣ, ಪೋಲೀಸಿನವರು ತಡೆಯುತ್ತಾರಂತೆ ಎಂದರೂ ನೋಡೇ ಬಿಡಾಣ, ಹೆಂಗಸಿಗೆ ಇದೆಲ್ಲ ಒಗ್ಗುತ್ತದೆಯೇ ಎಂದರಂತೂ ಕೇಳಲೇಬೇಡಿ. ಒಳಕೋಣೆಯ ಕತ್ತಲಲ್ಲಿ ಕುಳಿತು ಮುದುಕಿಯಾಗಬೇಕಾಗಿದ್ದ ಹೆಂಗಸನ್ನು ಆ ಮೋಟಾರು ಕೈಹಿಡಿದು ಹೊರಗೆ ಕರೆತಂದಿತ್ತು. ಅದು ಓಡುತ್ತಿರುವವರೆಗೆ ಅವರನ್ನು ಒಳಗೆ ಹೋಗು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇದನ್ನು ಅವರು ಬಲ್ಲರು, ಊರೂ ಬಲ್ಲದು, ಏಕಾಂತಪ್ಪನವರಂತೂ ಚೆನ್ನಾಗಿಯೇ ಬಲ್ಲರು.

ಒಡತಿಗೆ ತಕ್ಕ ಮೋಟಾರು ಅದು. ಮರದ ಮೈ, ಎರಡು ಪಕ್ಕಕ್ಕೂ ಕ್ಯಾನ್ವಾಸಿನ ಪರದೆ, ಮುಂದೆ ಹಿತ್ತಾಳೆಯ ದೀಪ, ಹಿಸುಕಿದರೆ ಕೋಣನಂತೆ ಕೂಗುವ ರಬ್ಬರಿನ ಹಾರ್ನು. ಬೆಳಗ್ಗೆ ಶಿವಗಂಗಮ್ಮ ಎಂಜಿನ್ನಿನ ಮುಚ್ಚಳಕ್ಕೆ ವಿಭೂತಿ ಹಚ್ಚಬೇಕು, ದಾವೂದ್ ಸಾಬರು ಬಿಸ್ಮಿಲ್ಲಾ ಎಂದು ಹ್ಯಾಂಡಲು ತಿರುವಬೇಕು. ಆಗ ಅದು ಮೊದಲು ಕೆಮ್ಮಿ, ಆಮೇಲೆ ಬೈದು, ಕೊನೆಗೆ ದೊಡ್ಡ ಮನಸ್ಸು ಮಾಡಿ ಹೊರಡುತ್ತಿತ್ತು. ಒಂದು ಸಲ ಅದರ ಹಿಂದಕ್ಕೆ ಹೋಗುವ ಗೇರು ಮುರಿಯಿತು. ಸಾಮಾನು ಮದರಾಸಿನಿಂದ ಬರಬೇಕು ಎಂದು ಸಾಬರು ಹೇಳಿದರೆ, "ಹಿಂದಕ್ಕೆ ಹೋಗಿ ಏನ್ ಮಾಡ್ತೀರಿ? ಬಂದ ದಾರಿ ನೋಡೇ ಐತಲ್ಲ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಅಲ್ಲಿಂದ ಮುಂದೆ ತಿರುಗಬೇಕಾದಾಗಲೆಲ್ಲ ಬಸ್ಸು ಸಂತೆಯ ಮೈದಾನದಲ್ಲಿ ಒಂದು ದೊಡ್ಡ ಸುತ್ತು ಹೊಡೆಯುತ್ತಿತ್ತು.

ನಾನು ಆಗ ಹೊಳಲ್ಕೆರೆಯ ಶಾಲೆಯಲ್ಲಿ ಮೇಷ್ಟ್ರು; ವಾರಕ್ಕೊಮ್ಮೆ ಹೊಸದುರ್ಗದ ನನ್ನ ಮನೆಗೆ ಅದರಲ್ಲಿಯೇ ಹೋಗಿ ಬರುತ್ತಿದ್ದೆ. ಒಂದು ಕಿರಿದಾದ ಸೇತುವೆಯ ಮೇಲೆ ಅಮಲ್ದಾರರ ಕಾರು ಎದುರಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಜವಾನನು ಇಳಿದು, ಹಿಂದಕ್ಕೆ ತೆಗೀರಿ ಎಂದು ಗದರಿಸಿದ. ಶಿವಗಂಗಮ್ಮ ನಿಧಾನವಾಗಿ ಇಳಿದು ಕಾರಿನ ಹತ್ತಿರ ಹೋಗಿ ಕೈಮುಗಿದು, "ಸ್ವಾಮೇರ, ನಮ್ಮ ಗಾಡಿ ಹಿಂದಕ್ಕೆ ಹೋಗೋದು ಕಲ್ತಿಲ್ಲ. ತಮ್ದು ಕಲ್ತೈತೆ. ಕಲ್ತೋರೇ ಸರಿಬೇಕಲ್ರ" ಎಂದರು. ಅಮಲ್ದಾರರು ರಸಿಕರಿರಬೇಕು, ನಕ್ಕುಬಿಟ್ಟರು. ಸರ್ಕಾರದ ಕಾರು ಹಿಂದೆ ಸರಿಯಿತು, ಬಸ್ಸಿನೊಳಗೆ ಕುಳಿತಿದ್ದ ನಾವೆಲ್ಲ ಏನೋ ಗೆದ್ದವರಂತೆ ಎದೆ ಮುಂದೆ ಮಾಡಿಕೊಂಡು ಸೇತುವೆ ದಾಟಿದೆವು.

ಹುಟ್ಟಿದ್ದು ಸಾಯಲೇಬೇಕು, ಅದು ಕಬ್ಬಿಣವಾದರೂ ಸರಿಯೆ. ಒಂದು ವೈಶಾಖದ ಬೆಳಗ್ಗೆ ಹೊಸದುರ್ಗದಿಂದ ಹೊರಟ ಬಸ್ಸು ರಾಮಗಿರಿಯನ್ನು ದಾಟಿ ಏರಿನಲ್ಲಿ ಬರುತ್ತಿತ್ತು. ಒಳಗೆ ಹಾಲುರಾಮೇಶ್ವರಕ್ಕೆ ಹೋಗಿ ಮರಳುತ್ತಿದ್ದ ಹೆಂಗಸರು, ಮೆಣಸಿನಕಾಯಿಯ ಮೂಟೆಗಳು, ಮೂಟೆಗಳ ಘಾಟಿಗೆ ಸೀನುತ್ತ ನಾನು. ಇದ್ದಕ್ಕಿದ್ದಂತೆ ಮುಂದೆ ಒನಕೆಯಿಂದ ಕಡಾಯಿಯನ್ನು ಕುಟ್ಟಿದಂಥ ಸದ್ದಾಯಿತು. ಬಸ್ಸು ಒಮ್ಮೆ ಮೈ ಝಾಡಿಸಿ ನಿಂತಿತು. ದಾವೂದ್ ಸಾಬರು ಇಳಿದು ಮುಚ್ಚಳ ತೆಗೆದು ನೋಡಿದರು. ಎಂಜಿನ್ನಿನೊಳಗಿನ ದಪ್ಪ ಸರಳೊಂದು ಮುರಿದು, ಒಡಲನ್ನೇ ಸೀಳಿಕೊಂಡು ಹೊರಗೆ ಇಣುಕುತ್ತಿತ್ತು; ಕರಿಯ ಎಣ್ಣೆ ಧೂಳಿನಲ್ಲಿ ಹರಿದು ಮಡುಗಟ್ಟುತ್ತಿತ್ತು. ಸಾಬರು ಹೆಗಲ ಮೇಲಿನ ಚೌಕದಿಂದ ಮುಖ ಒರೆಸಿಕೊಂಡರು.

"ಅಮ್ಮಾರೆ, ಇದರ ಋಣ ತೀರ್ತು" ಎಂದರು.

"ತೀರ್ಲಿ. ಹೊಳಲ್ಕೆರೆ ಇನ್ನೂ ಮುಂದೈತೆ. ಈ ಜನರನ್ನ ಊರು ಮುಟ್ಟಿಸ್ತೀವಿ ಅಂತ ಹತ್ತಿಸ್ಕಂಡೀವಿ, ಮುಟ್ಟಿಸಾಣ" ಎಂದು ಶಿವಗಂಗಮ್ಮ ಹೊಲಗಳ ಕಡೆಗೆ ನಡೆದೇಬಿಟ್ಟರು. ಉಳುತ್ತಿದ್ದ ಕಾಟಲಿಂಗಪ್ಪನೆಂಬ ರೈತನನ್ನೂ, ಅವನ ಎರಡು ಜೊತೆ ಎತ್ತುಗಳನ್ನೂ ಕರೆತಂದು, ಬಸ್ಸಿನ ಮೂತಿಗೆ ಹಗ್ಗ ಬಿಗಿಸಿದರು.

ಹೀಗೆ ಮೋಟಾರು ಬಸ್ಸು ಎತ್ತುಗಳ ಹಿಂದೆ ಹೊಳಲ್ಕೆರೆಯ ಪೇಟೆಯನ್ನು ಪ್ರವೇಶಿಸಿತು. ಒಡತಿ ತಮ್ಮ ಸೀಟಿನಲ್ಲಿ ನೆಟ್ಟಗೆ ಕುಳಿತು ತಾವೇ ಹಾರ್ನು ಹಿಸುಕುತ್ತಿದ್ದರು. ಪೇಟೆಗೆ ಪೇಟೆಯೇ ಬಾಗಿಲಿಗೆ ಬಂದು ನಿಂತಿತು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ, "ಏನ್ ಗಂಗಮ್ಮಾರೆ, ಪೆಟ್ರೋಲ್ ಬದ್ಲಿ ಹುಲ್ಲು ಹಾಕ್ತಿದೀರಾ?" ಎಂದು ಕೂಗಿದ. "ಹುಲ್ಲು ತಿಂದ್ರೂ ನಡೀತೈತೆ ನೋಡಪ್ಪ. ನೀನು ಅನ್ನ ತಿಂದು ಆ ಕಟ್ಟೆ ಬಿಟ್ಟು ಎದ್ದಿಲ್ಲ" ಎಂದರು ಶಿವಗಂಗಮ್ಮ. ನಗೆ ಆ ಕಡೆಯಿಂದ ಈ ಕಡೆಗೆ ತಿರುಗಿತು. ಆದರೆ ಮನೆಯ ಮುಂದೆ ಇಳಿಯುವಾಗ ಅವರ ಕೈ ಮುಂದಿನ ದೀಪದ ಮೇಲೆ ಒಂದು ಗಳಿಗೆ ತಡೆದದ್ದನ್ನು ನಾನು ನೋಡಿದೆ.

ದುರ್ಗದಿಂದ ಮೇಸ್ತ್ರಿ ನಜೀರ್ ಅಹಮದ್ ಬಂದು ಎಂಜಿನ್ನಿನ ಸುತ್ತ ಕೈಯಾಡಿಸಿ, ಬೀಡುಕಬ್ಬಿಣ ಸೀಳಿದೆ, ಬೆಸುಗೆ ನಿಲ್ಲುವುದಿಲ್ಲ ಎಂದು ಹೇಳಿಹೋದ. ಸುದ್ದಿಗೆ ಕಾಲು ಬರುವುದು ತಡವೇ? ಎರಡು ದಿನದಲ್ಲಿ ಏಕಾಂತಪ್ಪನವರು ಭರಮಸಾಗರದಿಂದ ಕಮಾನು ಗಾಡಿ ಹೂಡಿಸಿಕೊಂಡು ಬಂದರು, ಜೊತೆಗೆ ದಾವಣಗೆರೆಯ ಒಬ್ಬ ಹಳೆಕಬ್ಬಿಣದ ವ್ಯಾಪಾರಿಯನ್ನೂ ಕರೆತಂದರು. ಏಕಾಂತಪ್ಪನವರು ಕೆಟ್ಟವರಲ್ಲ. ಅತ್ತಿಗೆಯ ಹಿತವನ್ನು ಅತ್ತಿಗೆಗಿಂತ ತಾವು ಹೆಚ್ಚು ಬಲ್ಲೆವೆಂದು ನಂಬಿದ್ದರು, ಅಷ್ಟೆ. ಅಂಥವರ ಕೈಯಿಂದ ಪಾರಾಗುವುದು ಕೆಟ್ಟವರ ಕೈಯಿಂದ ಪಾರಾಗುವುದಕ್ಕಿಂತ ಕಷ್ಟ.

"ಓಡಾಡಿದ್ದು ಸಾಕು ಅತ್ಗೆಮ್ಮ. ಇದನ್ನ ಇವರಿಗೆ ಕೊಟ್ಟು, ಆ ಕೋಟು ತೆಗೆದಿಟ್ಟು, ನಮ್ಮನೇಗೆ ಬಂದಿರ್ರಿ. ಗಾಡಿ ತಂದೀನಿ" ಎಂದರು.

ಶಿವಗಂಗಮ್ಮ ವ್ಯಾಪಾರಿಯ ಕಡೆ ತಿರುಗಿ, "ತಗಂಡೋಗಿ ಏನ್ ಮಾಡ್ತೀಯಪ್ಪ?" ಎಂದು ಕೇಳಿದರು.

"ಕುಲುಮೆಗೆ ಹಾಕ್ತೀವಿ ತಾಯಿ. ಕರಗಿಸಿ ಗಾಣ ಎರಕ ಹೊಯ್ತಾರೆ."

"ಸುಡ್ತೀರಾ?"

"ಸುಡದೆ ಹೆಂಗ್ ಕರಗ್ತೈತೆ?"

"ಹಂಗಾದ್ರೆ ಆಗಲ್ಲ. ನಮ್ಮ ಮನೇಲಿ ಸುಡೋ ಪದ್ಧತಿ ಇಲ್ಲ. ಮಣ್ಣು ಮಾಡ್ತೀವಿ" ಎಂದರು. ಆಮೇಲೆ ಜಗಲಿಯ ಕೆಳಗೆ ನಿಂತಿದ್ದ ದಾವೂದ್ ಸಾಬರನ್ನು, "ನಿಮ್ಮಲ್ಲಿ ಹೆಂಗೆ ಸಾಬ್ರೆ?" ಎಂದು ಕೇಳಿದರು. ಸಾಬರು, "ನಮ್ಮಲ್ಲೂ ಸುಡಾಕಿಲ್ಲ ಅಮ್ಮಾರೆ. ಮಣ್ಣೇ" ಎಂದರು. "ಸರಿಹೋತು. ಮನೆಯೋರದೂ ಡ್ರೈವರದೂ ಒಂದೇ ಮಾತು. ನೀನು ಊಟ ಮಾಡ್ಕಂಡು ಊರಿಗೆ ಹೊರಡಪ್ಪ" ಎಂದು ವ್ಯಾಪಾರಿಗೆ ಹೇಳಿದರು.

ಏಕಾಂತಪ್ಪನವರ ಮುಖ ಕಪ್ಪಿಟ್ಟಿತು. ಕಬ್ಬಿಣವನ್ನು ಯಾರಾದರೂ ಮಣ್ಣು ಮಾಡುವುದುಂಟೆ, ಊರಿನವರು ಹುಚ್ಚಿ ಎನ್ನುತ್ತಾರೆ ಎಂದು ಕೂಗಾಡಿದರು. "ಕೋಟು ಹಾಕ್ಕಂಡ ದಿನಾನೂ ಅಂದ್ರು. ಅಂದೋರೇ ಆಮೇಲೆ ಬಸ್ ಹತ್ತಿದ್ರು" ಎಂದು ಶಿವಗಂಗಮ್ಮ ಒಳಗೆ ಹೋಗಿ ವ್ಯಾಪಾರಿಗೆ ಎಲೆ ಹಾಕಿಸಿದರು.

ಮೈದುನ ಅಷ್ಟಕ್ಕೇ ಬಿಡಲಿಲ್ಲ. ಮಠದ ಅಯ್ಯನವರನ್ನು ಕರೆತಂದರು. ಅಯ್ಯನವರು ಶಾಂತಸ್ವಭಾವದ ವೃದ್ಧರು. ಲಿಂಗ ಧರಿಸಿದ ದೇಹಕ್ಕೆ ಮಾತ್ರ ಸಮಾಧಿ ಸಲ್ಲುತ್ತದೆ, ಯಂತ್ರಕ್ಕೆ ಅಂಥ ಸಂಸ್ಕಾರ ಮಾಡಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಬುದ್ಧಿ ಹೇಳಿದರು. ಶಿವಗಂಗಮ್ಮ ಅವರ ಪಾದ ಮುಟ್ಟಿ ನಮಸ್ಕರಿಸಿ, "ನಾನು ಸಮಾಧಿ ಅಂದಿಲ್ಲ ಬುದ್ಧೀ, ಮಣ್ಣು ಅಂದೆ. ಮಂತ್ರ ತಮ್ಮತ್ರಾನೇ ಇರ್ಲಿ. ಒಂದ್ ಮಾತು ಕೇಳ್ತೀನಿ, ಲಿಂಗ ಕಟ್ಟಿರೋ ಇಷ್ಟು ಜನದಾಗೆ ತಮ್ಮನ್ನ ಹೊತ್ಕಂಡು ಹೊಸದುರ್ಗದ ಮಠಕ್ಕೆ ಬಿಟ್ಟುಬಂದೋರು ಯಾರಿದಾರೆ?" ಎಂದರು. ಅಯ್ಯನವರು ಬೆತ್ತ ಊರಿ, ನಾನು ಬರುವುದಿಲ್ಲ, ಬೇಡವೆನ್ನುವುದೂ ಇಲ್ಲ ಎಂದು ಎದ್ದುಹೋದರು.

ಹೊಸದುರ್ಗದ ರಸ್ತೆಯ ಪಕ್ಕದ ಅವರ ಸ್ವಂತ ಹೊಲದಲ್ಲಿ ಗುಂಡಿ ತೋಡಿಸಿದರು. ಎಂಜಿನ್ನನ್ನು ಬಸ್ಸಿನಿಂದ ಬಿಚ್ಚಿ, ಬಂಡಿಯ ಮೇಲೆ ಹೇರಿ ತಂದದ್ದಾಯಿತು. ನಗಲೆಂದು ಬಂದವರೇ ಹೆಚ್ಚು. ಅಲ್ಲೊಂದು ಹೊಸ ತಕರಾರು ಎದ್ದಿತು. ಮಲಗಿಸಿ ಇಳಿಸೋಣ ಎಂದರು ದಾವೂದ್ ಸಾಬರು. ಕೂರಿಸಬೇಕು ಎಂದರು ಶಿವಗಂಗಮ್ಮ. ಇಬ್ಬರೂ ತಂತಮ್ಮ ಹಿರಿಯರು ಹೋದ ರೀತಿಯನ್ನೇ ಹೇಳುತ್ತಿದ್ದರು. ಗುಂಡಿಯ ಆ ಅಂಚಿಗೆ ಅವರು, ಈ ಅಂಚಿಗೆ ಇವರು, ನಡುವೆ ಹಗ್ಗದಲ್ಲಿ ತೂಗುತ್ತಿರುವ ಎಂಜಿನ್ನು. ಕೊನೆಗೆ ಶಿವಗಂಗಮ್ಮ, "ಅದು ಯಾವತ್ತಾರ ಮಲಗಿತ್ತಾ ಸಾಬ್ರೆ? ಬದುಕಿದ್ದಾಗ ಹೆಂಗಿತ್ತೋ ಹಂಗೇ ಇಳಿಸ್ರಿ" ಎಂದರು. ಸಾಬರು ತಲೆದೂಗಿ ಹಗ್ಗ ಸಡಿಲಿಸಿದರು. ಎಂಜಿನ್ನು ನೆಟ್ಟಗೆ ಕುಳಿತಿತು.

ಸಾಬರು ಮೂರು ಹಿಡಿ ಮಣ್ಣನ್ನು ಒಂದೊಂದಾಗಿ ಹಾಕಿದರು. ಶಿವಗಂಗಮ್ಮ ಜೇಬಿನ ವಿಭೂತಿಯನ್ನು ಪುಡಿಮಾಡಿ ಮೇಲೆ ಉದುರಿಸಿದರು, ಆಮೇಲೆ ಅತ್ತರು. ಯಜಮಾನರು ಹೋದಾಗ ಹಿರಿಯರ ಮುಂದೆ ಬಿಗಿಹಿಡಿದದ್ದೆಲ್ಲ ಈಗ ಹೊರಗೆ ಬಂದಿತೋ ಏನೋ, ಸೆರಗನ್ನೂ ಬಾಯಿಗೆ ಒತ್ತಿಕೊಳ್ಳದೆ, ಬಯಲಿನಲ್ಲಿ, ಎಲ್ಲರೆದುರಿಗೆ ಅತ್ತರು, ಅಳುತ್ತಲೇ ಬೈದರು. "ಇನ್ನೊಂದೆರಡು ವರ್ಷ ತಡೀಬಾರದಾಗಿತ್ತೇನೇ? ನಾನಿನ್ನೂ ಗಟ್ಟಿ ಇದೀನಿ, ನಿಂಗೇನ್ ಬಂದಿತ್ತು?" ನಗಲು ಬಂದಿದ್ದವರಲ್ಲಿ ಒಬ್ಬರೂ ನಗಲಿಲ್ಲ.

ಇನ್ನು ಅತ್ತಿಗೆ ಮೆತ್ತಗಾದರು ಎಂದು ಏಕಾಂತಪ್ಪನವರು ಲೆಕ್ಕ ಹಾಕಿದರು. ಅಳುವ ಹೆಂಗಸನ್ನು ನೋಡಿದರೆ ಸೋತ ಹೆಂಗಸೆಂದು ತಿಳಿಯುವುದು ಅನೇಕರ ರೂಢಿ. ಮಾರನೆಯ ಬೆಳಗ್ಗೆ ಕಮಾನು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಶಿವಗಂಗಮ್ಮ ಹೊರಗೆ ಬಂದರು. ಹಣೆಯ ತುಂಬ ವಿಭೂತಿ, ಮೈಮೇಲೆ ಕೋಟು.

"ಮೋಟಾರು ಮಣ್ಣಾತಲ್ಲ ಅತ್ಗೆಮ್ಮ, ಇನ್ನೂ ಯಾಕೆ ಆ ಕೋಟು?"

"ಮಣ್ಣಾಗಿದ್ದು ಎಂಜಿನ್ನು ಏಕಾಂತಪ್ಪ. ದಾರಿ ಅಲ್ಲೇ ಐತಲ್ಲ" ಎಂದರು.

ಬೀದಿಯ ತಿರುವಿನಲ್ಲಿ ಕಾಟಲಿಂಗಪ್ಪನು ಎತ್ತುಗಳೊಡನೆ ಬರುತ್ತಿದ್ದ. ಎಂಜಿನ್ನಿನ ಭಾರ ಕಳೆದು ಹಗುರಾಗಿದ್ದ ಬಸ್ಸಿಗೆ ಹಗ್ಗ ಬಿದ್ದಿತು. ದುರ್ಗದವರೆಗೆ ಎಳೆಯುವುದು ಎತ್ತುಗಳ ಕೈಲಾಗದ ಮಾತು; ಹೊಳಲ್ಕೆರೆಯಿಂದ ರಾಮಗಿರಿಯ ರೈಲು ನಿಲ್ದಾಣಕ್ಕೆ ಹೋಗಿ ಬರುವುದೆಂದು ಶಿವಗಂಗಮ್ಮ ಆಗಲೇ ಗೊತ್ತುಮಾಡಿದ್ದರು. ತಾನು ಎತ್ತು ಹೊಡೆಯುವವನಲ್ಲ ಎಂದು ದಾವೂದ್ ಸಾಬರು ಗೊಣಗಿದರು. "ನಿಮಗ್ಯಾರು ಎತ್ತು ಹೊಡೀರಿ ಅಂದ್ರು? ನೀವು ಚಕ್ರ ಹಿಡೀರಿ" ಎಂದು ಅವರನ್ನು ಹತ್ತಿಸಿ, ತಾವು ಪಕ್ಕದ ಸೀಟಿಗೆ ಏರಿದರು.

ಮೊದಲು ಯಾರೂ ಹತ್ತಲಿಲ್ಲ. ಹಾರ್ನು ಕೂಗಿತು, ಬೀದಿ ಸುಮ್ಮನೆ ನೋಡಿತು. ಶಿವಗಂಗಮ್ಮ ಮುಂದೆ ನೋಡುತ್ತ ಕುಳಿತೇ ಇದ್ದರು. ಖಾಲಿ ಬಸ್ಸಾದರೂ ಅವರು ಹೊರಡುವವರೇ. ಆಗ ಸೊಪ್ಪು ಮಾರುವ ಕೆಂಚಕ್ಕ ಬುಟ್ಟಿಯನ್ನು ಒಳಕ್ಕೆ ದೂಡಿ, "ನಂಗೇನ್ ಅವಸರ ಐತೆ, ರಾಮಗಿರಿ ಎಲ್ಲೂ ಓಡಿಹೋಗಲ್ಲ" ಎಂದು ಹತ್ತಿ ಕುಳಿತಳು. ಅವಳ ಹಿಂದೆ ಇಬ್ಬರು, ಅವರ ಹಿಂದೆ ನಾನು. ನನಗೆ ಆ ದಿನ ರಾಮಗಿರಿಯಲ್ಲಿ ಏನೂ ಕೆಲಸವಿರಲಿಲ್ಲ. ಏಕಾಂತಪ್ಪನವರ ಕಮಾನು ಗಾಡಿ ಖಾಲಿಯಾಗಿ ಭರಮಸಾಗರದ ದಾರಿ ಹಿಡಿಯಿತು.

ಇಂಥವರನ್ನು ಹಠಮಾರಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಲೋಕದ ವಾಡಿಕೆ. ಲೋಕಕ್ಕೆ ಅದರಿಂದ ನೆಮ್ಮದಿಯೂ ಉಂಟು. ಹಠವೆಂದು ಹೆಸರಿಟ್ಟ ಮೇಲೆ ಅದರೊಳಗಿನ ನ್ಯಾಯವನ್ನು ಕೇಳುವ ಕಷ್ಟ ತಪ್ಪುತ್ತದೆ. ನಾನು ಕಂಡಂತೆ ಈ ಜಾತಿಯ ಜನ ಸಾವಿನೊಡನೆ ಜಗಳವಾಡುವವರಲ್ಲ. ತಮ್ಮನ್ನು ಇಷ್ಟು ದಿನ ಹೊತ್ತು ನಡೆದದ್ದು ಬಿದ್ದುಹೋದಾಗ ಬಾಯಿಬಿಟ್ಟು ಅಳುತ್ತಾರೆ, ಅದಕ್ಕೆ ಸಲ್ಲಬೇಕಾದ ಮಣ್ಣನ್ನು ಮರ್ಯಾದೆಯಿಂದ ಕೊಡುತ್ತಾರೆ. ಆದರೆ ಹೇಗೂ ಗುಂಡಿ ತೋಡಿದ್ದಾಗಿದೆ, ಇವರನ್ನೂ ಇಳಿಸಿಬಿಡೋಣ ಎಂದು ಬಂದವರ ಕೈಗೆ ಮಾತ್ರ ಎಂದಿಗೂ ಸಿಕ್ಕುವುದಿಲ್ಲ.