ಶೀಳನೆರೆ ಕಡೆಯ ತಂಗುದಾಣ

ಶೀಳನೆರೆ ಕಡೆಯ ಆ ಊರಿಗೆ ಬಸ್ ತಂಗುದಾಣ ಯಾಕಿಲ್ಲ ಅಂತ ಯಾರೇ ಕೇಳಲಿ, ಪಂಚಾಯಿತಿ ಅಧ್ಯಕ್ಷ ನಾಗರಾಜು ಆಕಾಶಕ್ಕೆ ಕೈ ತೋರಿಸುತ್ತಿದ್ದ. "ಫೈಲು ಮ್ಯಾಲ್ಗಡೆ ಕುಂತದೆ ಕಣ್ರಪ್ಪಾ. ಸರ್ಕಾರ ಅಂದ್ರೆ ಅಂಗೇಯ."

ನಿಜ ಏನೆಂದರೆ ಅವನು ಅರ್ಜಿಯನ್ನೇ ಹಾಕಿರಲಿಲ್ಲ. ಮೇಲಿನ ಬೀದಿಯವರು ತಮ್ಮ ಕಡೆ ಆಗಲಿ ಅನ್ನುತ್ತಿದ್ದರು, ಕೆಳಗಿನ ಬೀದಿಯವರು ತಮ್ಮ ಕಡೆ. ಎರಡೂ ಬೀದಿಯ ಓಟು ಬೇಕಾದವನಿಗೆ ತಡಮಾಡುವ ಸರ್ಕಾರದಂಥ ನೆಂಟ ಇನ್ನೊಬ್ಬನಿಲ್ಲ.

ಅಷ್ಟರಲ್ಲಿ ಹೊಸ ಕಾಯ್ದೆ ಬಂತು. ಊರಿನ ಕೆಲಸಕ್ಕೆ ಅರ್ಜಿ ಹಾಕಿ ತಿಂಗಳೊಳಗೆ ಯಾವ ಕಚೇರಿಯೂ ತಕರಾರು ತೆಗೆಯದಿದ್ದರೆ ಅನುದಾನ ಮಂಜೂರಾದ ಹಾಗೇ. ಆದರೆ ಗ್ರಾಮಸಭೆ ಆರಿಸಿದ ಒಬ್ಬರು ಕೆಲಸ ನೋಡಿ ರುಜು ಹಾಕುವ ತನಕ ಗುತ್ತಿಗೆದಾರನಿಗೆ ಕೊನೆಯ ಕಂತು ಇಲ್ಲ.

ಟೀವಿಯಲ್ಲಿ ಸುದ್ದಿ ಬಂದ ದಿನವೇ ಜನ ಮನೆಗೆ ಬಂದು, "ಇನ್ನೇನು, ನಮ್ ಫೈಲು ಇಳೀತದೆ" ಅಂತ ನಾಗರಾಜುವಿನ ಕೈ ಕುಲುಕಿದರು. ಇನ್ನು ತಡಕ್ಕೆ ಸರ್ಕಾರದ ಕಡೆ ಕೈ ತೋರಿಸುವ ಹಾಗಿರಲಿಲ್ಲ. ಮಾರನೇ ದಿನ ಬೆಳಗಾಗುತ್ತಲೇ ಕೆ.ಆರ್. ಪೇಟೆಗೆ ಓಡಿ, ಎರಡೂ ಬೀದಿ ಕೂಡುವ ಜಾಗ ಬರೆದು ಅರ್ಜಿ ಕೊಟ್ಟು ಬಂದ.

ಮಂಜೂರಾಗಿಯೇ ಹೋಯಿತು. ಕೆಲಸ ನೋಡಿ ರುಜು ಹಾಕುವ ಉಸ್ತುವಾರಿಗೆ ಗ್ರಾಮಸಭೆಯಲ್ಲಿ ತನ್ನ ಅಕ್ಕ ಅಣ್ಣಮ್ಮನ ಹೆಸರನ್ನು ನಾಗರಾಜುವೇ ಸೂಚಿಸಿದ. ಒಡಹುಟ್ಟಿದವಳು, ತೋರಿಸಿದ ಕಡೆ ರುಜು ಹಾಕ್ತಾಳೆ ಅಂತ ಅವನ ಲೆಕ್ಕ. ಅಣ್ಣಮ್ಮನ ಬಾಯಿ ಬಲ್ಲ ಜನ ಒಟ್ಟಿಗೇ ಕೈಯೆತ್ತಿದರು.

ಗುತ್ತಿಗೆದಾರ ಶಿವಶಂಕರ್ ತಂಗುದಾಣವನ್ನು ಗಡಿಬಿಡಿಯಲ್ಲಿ ಕಟ್ಟಿ ಮುಗಿಸಿದ. ಅಣ್ಣಮ್ಮ ಬಂದವಳೇ ತಾರಸಿ ಮೇಲೆ ಕೊಡಗಟ್ಟಲೆ ನೀರು ಹುಯ್ಯಿಸಿ, ಕೆಳಗೆ ಬೆಂಚಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಳು. ಅವಳ ನೆತ್ತಿಗೆ ತೊಟ್ ಅಂತ ಹನಿ ಬಿತ್ತು.

"ನಾನ್ ಒಪ್ಪಾಕಿಲ್ಲ."

"ಅಕ್ಕಾ, ಸರ್ಕಾರವೇ ಇಷ್ಟ್ ಜಲ್ದಿ ಕೊಟ್ಟದೆ, ಈಗ ನೀನ್ ತಡ ಮಾಡ್ತೀಯಾ?" ಅಂದ ನಾಗರಾಜು.

ಅಣ್ಣಮ್ಮ ಎದ್ದು ಅವನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದಳು. "ಲೇ ನಾಗ, ಪ್ಯಾಟೆ ಆಫೀಸ್ನಲ್ಲಿ ಇಚಾರಿಸ್ಕಂಡೇ ಬಂದಿವ್ನಿ. ಕಾಯ್ದೆ ಬರೋಗಂಟ ಅರ್ಜಿನೇ ಆಕ್ದೆ ಊರ್ನ ಕಾಯ್ಸ್ದೋನು ನೀನು. ಎಲ್ರಿಗೂ ಕೇಳಂಗೆ ಜೋರಾಗಿ ಏಳ್ಲಾ?"

ನಾಗರಾಜು ಗಕ್ಕನೆ ಶಿವಶಂಕರನ ಕಡೆ ತಿರುಗಿದ. "ಏನಯ್ಯಾ ನೋಡ್ತಾ ನಿಂತಿದ್ದೀಯ? ತಾರಸಿ ಸರಿಮಾಡಯ್ಯಾ! ಊರೋರ ತಲೆ ನೆನೀಬೇಕಾ?"

ತಾರಸಿ ರಿಪೇರಿಯಾಯಿತು. ಮತ್ತೆ ನೀರು ಹುಯ್ದರು. ಈ ಸಲ ಅಣ್ಣಮ್ಮ ಬೆಂಚಿನ ಮೇಲೆ ತಮ್ಮನನ್ನೇ ಕೂರಿಸಿದಳು. ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟಿದ್ದ ನಾಗರಾಜು ಕಣ್ಣು ಮುಚ್ಚಿ, ನೆನಪಾದ ದೇವರಿಗೆಲ್ಲ ಹರಕೆ ಹೊತ್ತ. ಒಂದು ಹನಿಯೂ ಬೀಳಲಿಲ್ಲ. ಅಕ್ಕ ರುಜು ಹಾಕಿದಳು. ಎರಡೂ ಬೀದಿಯವರು ಒಂದೇ ಬೆಂಚಿಗೆ ನುಗ್ಗಿ, ಒತ್ತರಿಸಿಕೊಂಡು ಕೂತರು. ನಾಗರಾಜುವಿಗೆ ಎದೆ ತುಂಬಿಬಂತು. ಅಧ್ಯಕ್ಷನಾದ ಮೇಲೆ ಅವನು ಮಾಡಿಸಿದ ಮೊದಲ ಕೆಲಸ ಅದು.

ಅಷ್ಟೊತ್ತಿಗೆ ಬಸ್ಸು ಬಂದು ತಂಗುದಾಣದ ಮುಂದೆಯೇ ನಿಂತಿತು. ಖುಷಿ ತಡೆಯಲಾರದೆ ಅವನೂ ಹತ್ತಿಬಿಟ್ಟ.

"ಎಲ್ಲಿಗ್ ಸಾರ್?" ಅಂದ ಕಂಡಕ್ಟರು.

ನಾಗರಾಜು ತಬ್ಬಿಬ್ಬಾದ. "ಮುಂದಿನ ಸ್ಟಾಪಿಗ್ ಕೊಡಪ್ಪಾ, ನಡ್ಕಂಡ್ ವಾಪಸ್ ಬತ್ತೀನಿ."