ತುಂಬಿದ ಬಟ್ಟಲು

ಆರ್ಚಾ ಮರದ ಒಣ ಕೊಂಬೆಯ ಹೊಗೆಯೆಂದರೆ ಬಾತ್ಮಾಳಿಗೆ ತಾಯಿಯ ನೆನಪು. ಮಕ್ಕಳಿಗೆ ಮೈ ಸರಿಯಿಲ್ಲದಾಗಲೆಲ್ಲ ತಾಯಿ ಆ ಹೊಗೆಯನ್ನು ಮನೆಯ ಮೂಲೆಮೂಲೆಗೂ ಹಿಡಿಯುತ್ತಿದ್ದಳು. ಇವತ್ತು ಬೆಳಿಗ್ಗೆ, ನಾರಿನ್ ಹೊಳೆಯ ದಡದ ಸಣ್ಣ ಆಸ್ಪತ್ರೆಯಲ್ಲಿ, ಒಳಗೆ ಬಂದ ಹುಡುಗಿಯ ಕೋಟಿನಿಂದ ಅದೇ ವಾಸನೆ ಬಂತು. ಮನೆಯವರು ದೃಷ್ಟಿ ತೆಗೆದಿರಬೇಕು.

ಹುಡುಗಿ ಹದಿನೇಳರ ನುರ್ಜಾತ್. ಎಡಗೈಗೆ ಸುತ್ತಿದ್ದ ಶಾಲು ನೆನೆದಿತ್ತು. ತಾನೇ ಮಾಡಿಕೊಂಡ ಗಾಯ. ಇದು ಮೂರನೆಯ ಸಲ.

"ಮತ್ತೆ ನೀನೇನಾ?" ಇಪ್ಪತ್ತೆಂಟು ವರ್ಷದಿಂದ ನರ್ಸಾಗಿದ್ದ ಬಾತ್ಮಾ ಗದರಿದಳು. "ಹೊರಗೆ ಕುದುರೆಯಿಂದ ಬಿದ್ದ ಮುದುಕ ಕೂತಿದ್ದಾನೆ. ಅವನೇನು ಬೇಕೂಂತ ಬಿದ್ದನಾ?"

ರಕ್ತ ನಿಲ್ಲಿಸಿ, ಚಹಾದ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಹುಡುಗಿಯ ಮುಂದಿಟ್ಟಳು.

ಅಷ್ಟರಲ್ಲಿ ಡಾಕ್ಟರ್ ಗುಲ್ಸುನ್ ಬಂದಳು. "ಹೊಲಿಗೆ ಹಾಕ್ಬೇಕು. ಮರಗಟ್ಟಿಸೋ ಇಂಜೆಕ್ಷನ್ ಎಲ್ಲಿ ಅಕ್ಕಾ?"

"ಇವಳಿಗ್ಯಾಕೆ ಅದು? ಒಂದ್ಸಲ ಉರಿ ಗೊತ್ತಾದ್ರೆ ಬುದ್ಧಿ ಬರುತ್ತೆ. ಮುದ್ದು ಮಾಡಿದ್ರೆ ಮತ್ತೆ ಬರ್ತಾಳೆ."

"ಬರ್ಲಿ ಅಕ್ಕಾ. ಬರದೇ ಹೋದ್ರೆ?"

ಬಾತ್ಮಾ ಹೋಗಿ ಇಂಜೆಕ್ಷನ್ ತಂದಳು.

ಹೊಲಿಗೆ ಮುಗಿದ ಮೇಲೆ ಡಾಕ್ಟರ್ ಸ್ಟೂಲು ಎಳೆದು ಕೂತಳು. "ನುರ್ಜಾತ್, ಸಾಯ್ಬೇಕು ಅನ್ನಿಸ್ತಿದೆಯಾ?"

ಹೀಗೂ ನೇರವಾಗಿ ಕೇಳುವುದುಂಟೇ! ಬಾತ್ಮಾ ಬೆಚ್ಚಿದಳು.

"ಇವತ್ತಿಲ್ಲ. ಹೋದ್ಸಲ ಅನ್ನಿಸಿತ್ತು. ಹೇಳ್ಬೇಕು ಅಂತಲೇ ಬಂದಿದ್ದೆ." ಹುಡುಗಿ ಬಟ್ಟಲನ್ನೇ ನೋಡುತ್ತಿದ್ದಳು. "ಅಕ್ಕ ಆವತ್ತೂ ಹೀಗೇ ತುಂಬಿಸಿ ಕೊಟ್ರು. ಕುಡಿದು ಹೊರಡು ಅಂತ ತಾನೇ? ಹೊರಟೆ. ಸೇತುವೆವರೆಗೂ ಹೋಗಿದ್ದೆ."

ತಮ್ಮ ಕಡೆ ತುಂಬಿದ ಬಟ್ಟಲೆಂದರೆ ಹೊರಡು ಎಂದೇ ಅರ್ಥ; ಅದು ಬಾತ್ಮಾಳಿಗೂ ಗೊತ್ತು. ಮನೆಗೆ ಬಂದ ಪರಿಚಯವಿಲ್ಲದವರಿಗೂ ಅವಳು ಎರಡೇ ಗುಟುಕು ಬಗ್ಗಿಸುವಳು, ಮತ್ತೆ ಮತ್ತೆ ಬಗ್ಗಿಸಿ ಕೂರಿಸಿಕೊಳ್ಳಲು. ಮನೆಯಲ್ಲಿ ಯಾರಿಗೂ ಹೀಗೆ ತುಂಬಿಸಿ ಕೊಟ್ಟವಳಲ್ಲ.

"ಮತ್ತೆ... ವಾಪಸ್ ಯಾಕೆ ಬಂದೆ ಮಗಳೇ?" ಬಾತ್ಮಾ ಕೇಳಿದಳು.

"ನೀವು ಬ್ಯಾಂಡೇಜಿನ ಗಂಟು ಗಾಯಕ್ಕೆ ಒತ್ತದ ಹಾಗೆ ಆಚೆ ಬದಿಗೆ ಹಾಕಿದ್ರಿ. ಸೇತುವೆ ಮೇಲೆ ಅದನ್ನೇ ಮುಟ್ಟಿ ಮುಟ್ಟಿ ನೋಡ್ದೆ."

ಡಾಕ್ಟರ್ ಎದ್ದಳು. "ಮನಸ್ಸಿನ ಡಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ. ನಿನ್ನ ಅಮ್ಮನ ಹತ್ರ ನಾವಿಬ್ಬರೂ ಸೇರಿ ಮಾತಾಡೋಣ. ಅಲ್ಲೀವರೆಗೂ ಇಲ್ಲೇ ಇರು. ಒಬ್ಬಳನ್ನೇ ಬಿಡಲ್ಲ."

ಬಾತ್ಮಾ ತುಂಬಿದ ಬಟ್ಟಲನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದಳು. ತೊಳೆದು ತಂದು, ತಳದಲ್ಲಿ ಎರಡೇ ಗುಟುಕು ಬಗ್ಗಿಸಿದಳು. ಆಮೇಲೆ ಚೀಲದಿಂದ ತನ್ನ ಮಧ್ಯಾಹ್ನದ ಬುತ್ತಿ ತೆಗೆದು, ಗಂಟು ಬಿಚ್ಚಿ, ಇನ್ನೂ ಬೆಚ್ಚಗಿದ್ದ ರೊಟ್ಟಿ ಮಾಂಸವನ್ನು ಎರಡೂ ಕೈಯಿಂದ ಹುಡುಗಿಯ ಮಡಿಲಿಗಿಟ್ಟಳು.